ಕಾಯುವುದು

ಕಬ್ಬಿಣ ಕಾದಾಗಲೇ ಬಡಿಯಬೇಕು ಅನ್ನುತ್ತದೆ ಗಾದೆ.
ಶೆಫೀಲ್ಡಿನ ಈ ಶೆಡ್ಡಿನಲ್ಲಿ ಯಾರೂ ಬಡಿಯುವುದಿಲ್ಲ.
ಬೆರಳುದ್ದದ ಉಕ್ಕಿನ ಕಡ್ಡಿಗೆ ಭಾರ ತೂಗಿಬಿಟ್ಟು
ಸುತ್ತ ಕುಲುಮೆ ಮುಚ್ಚಿ
ಐನೂರ ಅರವತ್ತೈದು ಡಿಗ್ರಿಗೆ ಮುಳ್ಳು ನಿಲ್ಲಿಸಿ
ಕಾಯುತ್ತಾರೆ.

ಅದೂ ಕಾಯುತ್ತದೆ, ನಾವೂ ಕಾಯುತ್ತೇವೆ.
ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು, ಎನಿಡ್, ಎಂದೆ.
ಡಯಲಿನಿಂದ ಕಣ್ಣು ತೆಗೆಯದೆ
"ಹಾಗಾದರೆ ನಿಮ್ಮವರಿಗೆ ಈ ಕೆಲಸ ಗೊತ್ತಿತ್ತು" ಅಂದಳು.

ಹದಿನಾಲ್ಕನೇ ನಂಬರಿನ ಕಡ್ಡಿ.
ತೊಂಬತ್ತೊಂದರ ಫೆಬ್ರವರಿ, ಹೊರಗೆ ಮೊಣಕಾಲುದ್ದ ಹಿಮ,
ಎನಿಡ್ ಸ್ಟ್ಯಾನಿಫೋರ್ತ್ ತಾನೇ ತೂಗಿಬಿಟ್ಟದ್ದು.
ಆಗ ಅವಳ ಕೂದಲು ಕಂದು, ಹೊಟ್ಟೆಯಲ್ಲಿ ಐದು ತಿಂಗಳ ಮಗು.
ಆ ಮಗು ಈಗ ಡಾನ್‌ಕಾಸ್ಟರಿನಲ್ಲಿ ಬಸ್ಸು ಓಡಿಸುತ್ತದೆ.
ಕಡ್ಡಿ ಇಷ್ಟರಲ್ಲಿ ಜಗ್ಗಿದ್ದು
ಒಂದು ಅಕ್ಕಿಕಾಳಿನ ದಪ್ಪವೂ ಇಲ್ಲ.

ನನ್ನ ಪಾಲಿನದು ಸಮೀಕರಣ.
ಹಾನಿಗೆ ಸೊನ್ನೆಯಿಂದ ಒಂದರವರೆಗೆ ಅಳತೆ:
ಸೊನ್ನೆ ಅಂದರೆ ಹೊಸದು, ಒಂದು ಅಂದರೆ ಎರಡು ತುಂಡು.
ಸುಮ್ಮನೆ ಹೊತ್ತು ನಿಂತು ಬರುವ ಜಗ್ಗು ಬೇರೆ,
ಕಾದು ಆರಿ, ಕಾದು ಆರಿ ಬರುವ ದಣಿವು ಬೇರೆ.
ಸಂಜೆ ಊರೆಲ್ಲ ಒಟ್ಟಿಗೆ ಕೆಟಲ್ ಒತ್ತಿದಾಗ ಎದ್ದು
ದೀಪ ಆರಿಸಿದಾಗ ಮಲಗುವ ವಿದ್ಯುತ್ ಸ್ಥಾವರದ
ಉಗಿಕೊಳವೆಗೆ ಎರಡೂ ಉಂಟು.
ಎರಡನ್ನೂ ಕೂಡಿಸಿದರೆ ಸಾಕು ಅಂದುಕೊಂಡಿದ್ದೆ ಮೊದಲ ವರ್ಷ.
ಹಾಗಲ್ಲ. ಹೊರಗಿನ ಕಳ್ಳನಿಗೆ
ಮನೆಯವನೇ ಅಗುಳಿ ತೆಗೆದುಕೊಟ್ಟ ಹಾಗೆ ಅದು.

ನನ್ನ ಲೆಕ್ಕದಲ್ಲಿ ಹದಿನಾಲ್ಕು
ಹೋದ ವರ್ಷ ಮಾರ್ಚಿನಲ್ಲೇ ತೀರಿಕೊಂಡಿದೆ.
ಮೂರು ಸಲ ಸ್ಥಿರಾಂಕ ತಿದ್ದಿದೆ, ಮೂರು ಸಲವೂ
ಅದೇ ಮಾರ್ಚಿನ ಆಚೀಚೆ.
ಕಡ್ಡಿ ತೂಗುತ್ತಲೇ ಇದೆ.
"ನೀನು ಬರೆದದ್ದನ್ನು ಅದು ಓದಿಲ್ಲ" ಅಂದಳು ಎನಿಡ್.

ಯಾವ ಸ್ಥಾವರಕ್ಕಾಗಿ ಅದು ತೂಗಿಬಿದ್ದಿತ್ತೋ
ಅದರ ಚಿಮಣಿ ಕೆಡವಿ ಆರು ವರ್ಷ.
ಈಗ ಶೆಡ್ಡೂ ಮಾರಾಟವಾಯಿತು, ಇಲ್ಲಿ ಫ್ಲ್ಯಾಟುಗಳು ಬರುತ್ತವೆ.
ಶುಕ್ರವಾರ ಹತ್ತೂ ಇಪ್ಪತ್ತಕ್ಕೆ ಅವಳು ಸ್ವಿಚ್ಚು ಆರಿಸಿದಳು.
ಮೂವತ್ತಮೂರು ವರ್ಷದ ಗುಂಯ್ ಸದ್ದು ನಿಂತು
ಡಾನ್ ನದಿ ಮೊದಲ ಸಲ ಒಳಗೆ ಕೇಳಿಸಿತು.

ಕೊಯ್ದು, ನುಣುಪು ಮಾಡಿ, ಸೂಕ್ಷ್ಮದರ್ಶಕದಡಿ ಇಟ್ಟೆ.
ಕಣಕಣದ ಗಡಿಯುದ್ದಕ್ಕೂ ಸಣ್ಣ ಪೊಳ್ಳುಗಳು,
ಗೆದ್ದಲು ಹತ್ತಿದ ಪುಸ್ತಕದ ಅಂಚು;
ಅಕ್ಷರಕ್ಕೆ ಇನ್ನೂ ಬಾಯಿ ಹಾಕಿರಲಿಲ್ಲ.
ನನ್ನ ಲೆಕ್ಕ ತಪ್ಪೋ,
ಇನ್ನೊಂದು ಚಳಿಗಾಲ ಬಿಟ್ಟಿದ್ದರೆ ಸರಿಹೋಗುತ್ತಿತ್ತೋ,
ಇನ್ನು ತಿಳಿಯುವುದಿಲ್ಲ.
ನಕ್ಷೆಯಲ್ಲಿ ಚುಕ್ಕೆಯಿಟ್ಟು ಬಲಕ್ಕೊಂದು ಬಾಣ ಎಳೆದೆ.
ಮುರಿಯದೆ ಉಳಿದದ್ದಕ್ಕೆ ನಮ್ಮಲ್ಲಿ ಅದೇ ಗುರುತು:
ಇಲ್ಲಿಯವರೆಗೆ ನೋಡಿದ್ದೇವೆ.

ಎನಿಡ್ ಎರಕದ ಭಾರದ ಬಿಲ್ಲೆಯೊಂದನ್ನು
ಒರೆಸಿ ಚೀಲಕ್ಕೆ ಹಾಕಿಕೊಂಡಳು.
ಗಾಳಿಗೆ ಹಿಂಬಾಗಿಲು ನಿಲ್ಲುವುದಿಲ್ಲವಂತೆ.
ಬಸ್ ಸ್ಟಾಪಿನವರೆಗೆ ನಾನು ಹೊರುತ್ತೇನೆ ಅಂದೆ,
ಕೊಡಲಿಲ್ಲ.