ಕತ್ತರಿಸದ ಪುಟಗಳು

ಆಗಸ್ಟ್ ಮೂವತ್ತೊಂದು, ಬಾಗಿಲು ಹಾಕುವ ಹೊತ್ತು.
ತಾತುಲ್ ಬಂದ. ಬೇಸಗೆಯಿಡೀ ಮೇಲಿನ ಹುಲ್ಲುಗಾವಲಲ್ಲಿ
ಕುರಿ ಕಾಯ್ದವನು, ಬಿಸಿಲಿಗೆ ಮೂಗು ಸುಲಿದಿದೆ.
ಅಂಗಿಯೊಳಗಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು
ಓಡಿದ. ಬೈಯುತ್ತೇನೆಂದೋ,
ನಾಳೆ ಶಾಲೆಯ ಮೊದಲ ಗಂಟೆಗೆ
ಇನ್ನೂ ಕ್ಷೌರ ಆಗಬೇಕಿತ್ತೋ.

ಐದನೇ ತರಗತಿಗೆ ಏಳು ಮಕ್ಕಳು. ಇದ್ದದ್ದು ಒಂದೇ ಪ್ರತಿ.
ಜೂನ್‌ನಲ್ಲಿ ಚೀಟಿ ಎತ್ತಿಸಿದೆ, ಒಬ್ಬೊಬ್ಬರಿಗೆ ಹನ್ನೆರಡು ದಿನ.
ರಜೆಯ ಪಟ್ಟಿಯಲ್ಲಿ ಹದಿನಾಲ್ಕು ಹೆಸರು;
ಹದಿಮೂರು ಹೇಗೋ ಸಿಗುತ್ತವೆ, ಅಕ್ಕನ ಕಪಾಟಿನಲ್ಲಿ, ಫೋನಿನಲ್ಲಿ.
ಇದು ಮಾತ್ರ ಇಲ್ಲೇ, ಅರಾರತ್ ಕಾಣುವ ಕಿಟಕಿಯ ಕೆಳಗೆ.
ಪಟ್ಟಿಗೆ ಸೇರಿಸಿದವಳು ನಾನೇ.

ಕಥೆ ದೊಡ್ಡದೇನಲ್ಲ. ಹಿಮ ಬಿದ್ದ ರಾತ್ರಿ
ಒಂದು ಹೇಸರಗತ್ತೆ ಹಗ್ಗ ಹರಿದುಕೊಂಡು ಹೋಗುತ್ತದೆ,
ಗಿರಣಿಯ ಹುಡುಗ ಹುಡುಕಿ ಹೊರಡುತ್ತಾನೆ.
ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ:
ಓದಿ, ಕೊನೆ ಎಷ್ಟು ಚಂದ ಗೊತ್ತಾ!

ವಾಪಸು ಬಂದದ್ದನ್ನು ತಟ್ಟಿ, ಧೂಳು ಜಾಡಿಸಿ,
ರಬ್ಬರ್ ಹಿಡಿದು ಕೂರುವುದು ನನ್ನ ರೂಢಿ.
ಹದಿನೇಳನೇ ಪುಟಕ್ಕೆ ಜರ್ದಾಲು ರಸದ ಹೆಬ್ಬೆಟ್ಟು:
ನಾಝೆಲಿಯದು. ಅವರ ಮಾಳಿಗೆಯ ಮೇಲೆ
ಮನೆಮಂದಿಯೆಲ್ಲ ಕೂತು ಹಣ್ಣು ಬಿಡಿಸಿ ಒಣಹಾಕುತ್ತಾರೆ.
ಮೂವತ್ತೊಂದರಲ್ಲಿ ಒಂದು ಸೊಳ್ಳೆ, ಅಪ್ಪಚ್ಚಿ,
ಹಿಮದ ವರ್ಣನೆಯ ಮೇಲೆ ಯಾರದೋ ರಕ್ತ.
ನಲವತ್ತರ ಮೂಲೆಯನ್ನು ಆಡಿನ ಮರಿ ತಿಂದಿದೆ;
‘ಗುಡ್ಡದ’ ಉಳಿದಿದೆ, ‘ದಾರಿ’ ಅದರ ಹೊಟ್ಟೆಯಲ್ಲಿ.

ಐವತ್ತೆರಡರಲ್ಲಿ ಪೆನ್ಸಿಲ್:
ಇವನ ಅಪ್ಪ ಯಾಕೆ ಹುಡುಕಲು ಹೋಗಲಿಲ್ಲ?
ಕೆಳಗೆ ಬೇರೆ ಕೈ: ರಷ್ಯಾದಲ್ಲಿ ಕೆಲಸಕ್ಕಿರಬೇಕು.
ಅದರ ಕೆಳಗೆ, ಹಾಳೆ ತೂತಾಗುವಷ್ಟು ಒತ್ತಿ: ನಮ್ಮಪ್ಪನ ಹಾಗೆ.
ರಬ್ಬರ್ ಕೆಳಗಿಟ್ಟೆ.

ಎಂಬತ್ತೆಂಟರಲ್ಲಿ ಹುಡುಗ ಹಳ್ಳದ ಆಚೆ
ಏನೋ ಸದ್ದು ಕೇಳಿ ನಿಲ್ಲುತ್ತಾನೆ.
ಅಲ್ಲಿಂದ ಮುಂದೆ ಹಾಳೆಗಳ ಅಂಚು ಬಿಡಿಸಿಯೇ ಇಲ್ಲ,
ಮಡಿಕೆ ಮಡಿಕೆಯಾಗಿ ಅಂಟಿಕೊಂಡೇ ಇವೆ.
ಎಪ್ಪತ್ತು ವರ್ಷದ ಹಿಂದೆ ಯಾವ ಮುದ್ರಣಾಲಯದಲ್ಲೋ
ಊಟದ ಗಂಟೆ ಹೊಡೆದಿರಬೇಕು.

‘ಹಾಳೆ ಹರಿಯಬಾರದು, ಮಡಿಸಬಾರದು, ಕತ್ತರಿಸಬಾರದು’
ಬಾಗಿಲ ಮೇಲಿದೆ, ನನ್ನದೇ ಕೈಬರಹ.
ಅದಕ್ಕೇ ಇಣುಕಿದ್ದಾರೆ, ಸುರಂಗಕ್ಕೆ ಕಣ್ಣಿಟ್ಟು.
ಬೆವರಿದ ಮೂಗುಗಳಿಗೆ ಅಂಚು ಕಂದಿದೆ.
ನನಗೆ ಕಂಡದ್ದು: ‘ಗಂಟೆ’.
ನನಗೆ: ‘ಬೆಂಕಿ’.
ಟಾರ್ಚ್ ಹಾಕಿದೆ. ಒಂದು ಅಲ್ಪವಿರಾಮ.
ಕಟ್ಟಕಡೆಗೆ ತಾತುಲ್‌ನ ಡೊಂಕು ಅಕ್ಷರ:
ಹೇಸರಗತ್ತೆ ಸಿಕ್ಕಿತಾ? ಆರ್ಪೆನಿಕ್ ಆಂಟಿಗೆ ಗೊತ್ತಿರುತ್ತೆ.
ಶಾಲೆ ಬಿಟ್ಟ ಮೇಲೆ ಎಲ್ಲರೂ ಹೋಗಿ ಕೇಳೋಣ.

ಆರ್ಪೆನಿಕ್ ಆಂಟಿ ಅಂದರೆ ನಾನು.

ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ವಾರ್ದುಷ್
ಕೀಲಿಕೈ ಕೊಡುವಾಗ ಹೇಳಿದ್ದರು, ಇದರ ಕೊನೆ ಚಂದ ಅಂತ.
ಅವರಿಗೆ ಯಾರು ಹೇಳಿದ್ದರೋ.
ಮೂವತ್ತು ಬೇಸಗೆಯ ಮಕ್ಕಳು ಪುಸ್ತಕ ತಂದಿಟ್ಟು
ಚೆನ್ನಾಗಿತ್ತು ಅಂದರು.
ನಾನೂ ಹೌದಲ್ವಾ ಅಂದು ಮುದ್ರೆ ಒತ್ತಿದೆ.

ಹೊರಗೆ, ಪಕ್ಕದ ಮನೆಯ ಬಕೆಟ್ಟಿನಲ್ಲಿ
ನಾಳೆ ಟೀಚರುಗಳಿಗೆ ಕೊಡಲಿರುವ ಹೂವು.
ಕಂಬದ ಮೇಲಿನ ಕೊಕ್ಕರೆ ಗೂಡು ಆಗಲೇ ಖಾಲಿ.
ಡ್ರಾಯರಿನಿಂದ ಹಣ್ಣಿನ ಚಾಕು ತೆಗೆಯುತ್ತೇನೆ,
ಅಂಟಿದ ಸಿಹಿಯನ್ನು ಸೆರಗಿಲ್ಲದ ಈ ಉಡುಪಿಗೇ ಒರೆಸಿ
ಮೊದಲ ಮಡಿಕೆಗೆ ಅಲಗು ಇಳಿಸುತ್ತೇನೆ, ಕೈ ನಡುಗದ ಹಾಗೆ.
ಒಳಗೆ ನಾನು ಹುಟ್ಟುವುದಕ್ಕೂ ಮುಂಚಿನ ಬಿಳುಪು.

ಬಾಗಿಲ ಮೇಲಿನ ಸೂಚನೆಗೆ ಬೆನ್ನು ಹಾಕಿ,
ಐದನೇ ತರಗತಿಯವರ ಹಾಗೆ
ಸಾಲಿನ ಕೆಳಗೆ ಬೆರಳಿಟ್ಟು.