ಪಟಿಕದ ಕಲ್ಲು

ಸೋಪು ಬದಲಿಸಿದೆ ನಾಲ್ಕು ಸಲ.
ಅವೆನ್ಯೂ ರಸ್ತೆಯ ಹೋಲ್‌ಸೇಲ್ ಅಂಗಡಿಯಿಂದ
ಗಂಧದ್ದು, ಬೇವಿನದು, ಹೆಸರೇ ಅಳಿಸಿಹೋದ ಡಬ್ಬಿಯದು.
ಯಾವುದೂ ನೊರೆ ಕಟ್ಟಲಿಲ್ಲ.
ಸುಣ್ಣದ ತಿಳಿ ಬಳಿದ ಹಾಗೆ
ಕೆನ್ನೆಯ ಮೇಲೆ ಒಣಗಿ ಬಿರಿಯಿತು.

ಶ್ರೀರಾಮಪುರದ ಯತಿರಾಜುಲು ನಕ್ಕ:
"ಸೋಪನ್ನ ಬೈದು ಏನು ಬಂತು ಸ್ವಾಮಿ,
ನಿಮ್ಮ ಬೋರ್ ನೀರಲ್ಲಿ ಬೇಳೆಯೇ ಬೇಯಲ್ಲ.
ಕಾವೇರಿ ಬಿಡೋ ದಿನ ಒಂದು ಚೊಂಬು ಎತ್ತಿಡಿ."

ಎತ್ತಿಟ್ಟೆ. ಮಂಗಳವಾರ ರಾತ್ರಿ ಎರಡೂವರೆಗೆ
ನಲ್ಲಿ ಕೆಮ್ಮಿದ ಸದ್ದಿಗೆ ಎದ್ದು
ಕುಡಿಯೋ ಕೊಡಕ್ಕೂ ಮೊದಲು ಆ ಚೊಂಬು ತುಂಬಿಸಿ
ಹೆಂಡತಿಯ ಕೈಲಿ ಬೈಸಿಕೊಂಡು.
ಬೆಳಿಗ್ಗೆ ಅದೇ ಸೋಪು, ಅದೇ ಬಟ್ಟಲು,
ಎಮ್ಮೆ ಮೊಸರಿನ ಕೆನೆ.

ಬ್ರಷ್ಷಿನದೂ ಒಂದು ಕತೆ.
ತಂದ ದಿನ ಹಂದಿಕೂದಲಿನ ನಾತ, ತೆಂಗಿನ ಕಡ್ಡಿಯ ಚುಚ್ಚು.
ಬಚ್ಚಲ ಕಿಟಕಿಗೆ ಎಸೆದಿದ್ದೆ.
ತಿಂಗಳುಗಟ್ಟಲೆ ಅವಳು ಅದರಲ್ಲಿ ನಲ್ಲಿ ತಿಕ್ಕಿದಳು,
ತುದಿ ಸೀಳಿ, ಪಳಗಿ, ರೇಷ್ಮೆಯಾಯಿತು.
ಈಗ ಕೇಳಿದರೆ ಕೊಡಲ್ಲ ಅನ್ನುತ್ತಾಳೆ.

ನಾನು ಪೀಣ್ಯದವನು. ಟೂಲ್ ರೂಮಿನಲ್ಲಿ
ಇಪ್ಪತ್ತೆರಡು ವರ್ಷ ಉಕ್ಕಿಗೆ ಅಂಚು ಕೊಟ್ಟವನು.
ಯಾವ ಲೋಹಕ್ಕೆ ಎಷ್ಟು ಕೋನ,
ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.
ಸ್ವಂತ ಮುಖಕ್ಕೆ ಬಂದರೆ ಮಾತ್ರ ಹೆಡ್ಡ:
ಒತ್ತಿದಷ್ಟೂ ನುಣುಪು ಅಂತ
ರೇಜರನ್ನು ಒತ್ತಿ ಒತ್ತಿ ಎಳೆದೆ.

ಯತಿರಾಜುಲುವಿನ ಬಾಗಿಲಿಗೆ ಕರಿದಾರದಲ್ಲಿ ತೂಗುವ ಪಟಿಕ.
ಅದು ದೃಷ್ಟಿಗೆ.
ಒಳಗೆ ತಟ್ಟೆಯಲ್ಲಿ ಇನ್ನೊಂದು,
ಸವೆದು ಸವೆದು ನಾಲಿಗೆಯ ಆಕಾರ.
ಅದು ರಕ್ತ ನಿಲ್ಲಿಸೋಕೆ ಅಂದುಕೊಂಡಿದ್ದೆ.
"ಅದಕ್ಕೂ ಹೌದು. ಆದರೆ ಇದು ಸಾಕ್ಷಿ ಸ್ವಾಮಿ,
ಕಾಣದ ಗಾಯಕ್ಕೆ.
ಗಿರಾಕಿ ಮರ್ಯಾದೆಗೆ ಸುಮ್ಮನಿರ್ತಾನೆ, ಕಲ್ಲು ಸುಮ್ಮನಿರಲ್ಲ.
ಎಲ್ಲಿ ಉರೀತೋ ಅಲ್ಲಿ ಒತ್ತಿದ್ದೀರಿ.
ಕತ್ತಿಗೆ ಅದರದೇ ತೂಕ ಇದೆ. ನಿಮ್ಮದು ಬೇಡ."

ಚರ್ಮದ ಪಟ್ಟಿ ಹರಿತ ಮಾಡೋದಕ್ಕಲ್ಲ,
ಬಾಗಿದ ಅಂಚನ್ನ ನೆಟ್ಟಗೆ ನಿಲ್ಲಿಸೋದಕ್ಕೆ ಅಂದ.
ಇದರ ಮೇಲೆ ನಾನು ವಾದ ಮಾಡಿದೆ.
ಟೀ ಆರುವ ತನಕ ಮಾಡಿದೆ. ಸೋತೆ.

ಗೂಳಪ್ಪನ ಬಲಗೈಯ ಎರಡು ಬೆರಳು
ಆಗಸ್ಟಿನಲ್ಲಿ ಪವರ್ ಪ್ರೆಸ್ಸಿನ ಅಡಿಗೆ ಹೋದವು.
ಸೆನ್ಸರ್ ಕೆಟ್ಟು ಹನ್ನೊಂದು ದಿನವಾಗಿತ್ತು.
ರಿಜಿಸ್ಟರಿನಲ್ಲಿ ಬರೆದದ್ದು:
ಕೆಲಸಗಾರನ ಅಜಾಗರೂಕತೆ.

ಭಾನುವಾರ ರಾಜಾಜಿನಗರದ ಇಎಸ್‌ಐ ವಾರ್ಡಿಗೆ ಹೋದೆ,
ಕಾವೇರಿ ನೀರಿನ ಬಾಟಲಿ, ಬಟ್ಟಲು, ಪಟಿಕ,
ಬೇಡಿಕೊಂಡು ತಂದ ಬ್ರಷ್ಷು.
"ಎಡಗೈಲೆ ಬರೂದಿಲ್ಲೋ ಮಾರಾಯಾ," ಅಂದ ಗದಗಿನವನು.
ಇಪ್ಪತ್ತು ದಿನದ ಗಡ್ಡ,
ಕತ್ತಿನ ಹತ್ತಿರ ಸುಳಿ ತಿರುಗಿದ್ದು.
ಕೂದಲು ಬೆಳೆದ ದಾರಿಯಲ್ಲೇ ಇಳಿದೆ.
ನನ್ನ ಭಾರವನ್ನೆಲ್ಲ ಮೊಣಕೈಯಲ್ಲಿ ತಡೆದು
ರೇಜರಿನ ಭಾರವನ್ನಷ್ಟೇ ಬಿಟ್ಟೆ.
ಪಕ್ಕದ ಮಂಚದ ಮುದುಕ
"ನೊರೆ ಸಾಲದು, ಇನ್ನೂ ಬಳಿ" ಅಂದ.
ಹೂಂ ಅಂದೆ. ಬಳಿಯಲಿಲ್ಲ.

ಕೊನೆಗೆ ಪಟಿಕ ನೆನೆಸಿ ಸವರಿದೆ.
"ಹಚ್ಚಿದೇನು?"
"ಹಚ್ಚಾಯ್ತು."
"ಉರದೇ ಇಲ್ಲಲ್ಲೋ!"

ಆಮೇಲೆ ಗದ್ದದ ಕೆಳಗೆ, ಎಡಕ್ಕೆ,
ಒಂದೇ ಒಂದು ಕಡೆ, ಸ್ಸ್ ಅಂದ.

ಗೊತ್ತಿತ್ತು ನನಗೆ.
ಅಲ್ಲಿಗೆ ಬಂದಾಗಲೇ ಹೊದಿಕೆ ಜಾರಿ
ಅವನ ಕೈ ಕಂಡದ್ದು.