ಅಲಸಿದ್ದು

ಕಾಸರಗೋಡಿನ ಆಸ್ಪತ್ರೆಯಲ್ಲಿ ನನ್ನನ್ನು
'ಕನ್ನಡದ ಚೇಚಿ' ಅಂತ ಕರೆಯುತ್ತಾರೆ.
ನಾನು ಆಶಾ. ಕೊಡುವುದು ಸಂಬಳ ಅಲ್ಲ, ಗೌರವಧನ.
ಆ ಶಬ್ದದ ಮೇಲೂ ನನಗೆ ತಕರಾರುಂಟು, ಇರಲಿ.

ಪೈವಳಿಕೆಯ ಜಲಜಾಕ್ಷಿ, ಬೀಡಿ ಕಟ್ಟುವವಳು,
ಹನ್ನೊಂದು ವಾರ.
ಸ್ಕ್ಯಾನಿನ ಕೋಣೆಯಿಂದ ಬಂದ ಚೀಟಿಯಲ್ಲಿ
ಮಿಸ್ಡ್ ಅಬಾರ್ಷನ್ ಎಂದಿತ್ತು.
ಸಿಸ್ಟರ್ ತಲೆಯೆತ್ತದೆ ಮಲಯಾಳಕ್ಕೆ ಇಳಿಸಿದರು:
ಗರ್ಭಂ ಅಲಸಿ.

ಅವಳು ನನ್ನ ಮುಖ ನೋಡಿದಳು.
"ಆಲಸಿಯಾ? ಯಾರು, ನಾನಾ?"
ದಿನಕ್ಕೆ ಎಂಟುನೂರು ಸುತ್ತುವ ಬೆರಳುಗಳನ್ನು
ಮೇಜಿನ ಮೇಲೆ ಚಾಚಿದಳು,
ತಂಬಾಕಿನ ಕಂದು ಉಗುರುಗಳ ಸಮೇತ.

ನಾನು ನಕ್ಕೆ. ನಗಬಾರದಿತ್ತು.
ಗಡಿಯಲ್ಲಿ ಹುಟ್ಟಿದವರಿಗೆ ಇದು ರೂಢಿ,
ಒಂದು ದೀರ್ಘ ಜಾರಿ ಬಿದ್ದರೆ ಮಾತೇ ಬೇರೆ.
ಎದೆಬಡಿತ ನಿಂತು ಎರಡು ವಾರವಾಯಿತು ಮಗಾ,
ಒಳಗೆ ಉಳಿದದ್ದು ಹೊರಗೆ ಬರಲಿಕ್ಕೆ ಈ ಮಾತ್ರೆ
ಎನ್ನಬೇಕಿತ್ತು.
ಹಿಂದೆ ಸಾಲು ಉದ್ದವಿತ್ತು.
"ಮಾತ್ರೆ ಕೊಡ್ತಾರೆ, ಸರಿಯಾಗ್ತದೆ" ಎಂದೆ.

ಮದ್ದಿನ ಕಿಟಕಿಯ ಹುಡುಗ
ಚೀಟಿ ಓದಿ ಕೇಳಿದನಂತೆ, ಸ್ವಲ್ಪ ಜೋರಾಗಿಯೇ:
"ಅಬಾರ್ಷನಾ? ಗಂಡನಿಗೆ ಗೊತ್ತುಂಟಾ?"
ತುಳು, ಕನ್ನಡ, ಮಲಯಾಳ
ಮೂರಕ್ಕೂ ಅರ್ಥವಾಗುವ ಒಂದೇ ಶಬ್ದ ಅದು.
ಮೂರರಲ್ಲೂ ಅರ್ಥ: ತೆಗೆಸಿದಳು.

ಅವಳು ಮಾತ್ರೆಗಳನ್ನು ಬೀಡಿ ಎಲೆಯಲ್ಲಿ ಸುತ್ತಿ
ತಡಿಕೆಯ ಸಂದಿಗೆ ಸಿಕ್ಕಿಸಿದಳು.
ಕೊಲ್ಲುವ ಮದ್ದು ಅಂದುಕೊಂಡು
ಇಲ್ಲದ ಮಗುವನ್ನು ಹನ್ನೆರಡು ದಿನ ಕಾದಳು.

ಹದಿಮೂರನೆಯ ರಾತ್ರಿ ಜೀಪು. ಚಳಿಜ್ವರ.
ಸೀರೆಯ ವಾಸನೆಗೆ ಡ್ರೈವರ್ ಗಾಜು ಇಳಿಸಿದ್ದ.
ಹೊಸ ಫೈಲಿನಲ್ಲಿ ಬರೆದರು:
ರೋಗಿ ಸಹಕರಿಸಿಲ್ಲ.

ಬದುಕಿದಳು. ಅದನ್ನು ಮೊದಲೇ ಹೇಳಬೇಕಿತ್ತೇನೋ.

ಆದರೆ ನನ್ನನ್ನು ಕಚ್ಚುವುದು ಬೇರೆ ಸಂಗತಿ.
ವಾರ್ಡಿನಲ್ಲಿ ಅವಳ ಗ್ಲೂಕೋಸ್ ಮುಗಿದು ಹೊತ್ತಾದರೂ
ಯಾರೂ ಬರಲಿಲ್ಲ.
ನಾನು ಮೇಜಿನವರೆಗೆ ಓಡಿ ಹೇಳಿದೆ,
ಮೊದಲು ಮಲಯಾಳದಲ್ಲಿ, ಆಮೇಲೆ ಸಿಟ್ಟಿಗೆ ಕನ್ನಡದಲ್ಲಿ:
"ಇವಳು ತೆಗೆಸಲಿಕ್ಕೆ ಬಂದವಳಲ್ಲ.
ತಾನಾಗಿ ಹೋದದ್ದು.
ಇವಳು ಅಂಥವಳಲ್ಲ."
ತಕ್ಷಣ ಬಂದರು. ಹೊಸ ಬಾಟಲಿ ತೂಗಿತು.
ಒಬ್ಬರು ಅವಳ ಹಣೆ ಕೂಡ ಮುಟ್ಟಿದರು.

ಏಳನೆಯ ಮಂಚದಲ್ಲಿ ಒಂದು ಹುಡುಗಿ ಇದ್ದಳು,
ಜೊತೆಗೆ ಯಾರೂ ಇರಲಿಲ್ಲ.
ತಾನೇ ಬೇಡವೆಂದು ಬಂದವಳು ಅಂತ
ಇಡೀ ವಾರ್ಡಿಗೆ ತಿಳಿದಿತ್ತು.
ಬೆಳಗ್ಗಿನಿಂದ ಹೊಟ್ಟೆ ಹಿಡಿದುಕೊಂಡೇ ಇದ್ದಳು,
ನೋವಿನ ಗುಳಿಗೆ ಇನ್ನೂ ಬಂದಿರಲಿಲ್ಲ.
ನಾನು ಹಾದುಹೋಗುವಾಗ
ಮುಖ ಗೋಡೆಯ ಕಡೆಗಿಟ್ಟುಕೊಂಡೇ ಅಂದಳು,
ಬಹಳ ಸ್ಪಷ್ಟವಾಗಿ:

"ಚೇಚಿ, ನನಗೂ ಕನ್ನಡ ಬರ್ತದೆ."